ಕೆಂಪು ಮಣ್ಣು, ಕ್ಯಾಲಿಪರ್ ಪಿನ್ನು ಮತ್ತು ನಮ್ಮ ಸ್ವಿಫ್ಟಿನ ಮುಂದಿನ ಬ್ರೇಕು

ಎಡಗಡೆ ಮುಂದಿನ ಚಕ್ರದಲ್ಲಿ ಕಿರ್ರ್ ಅಂತ ಸದ್ದು ಶುರುವಾಗಿದ್ದು ಗಣಪತಿ ಹಬ್ಬದ ಹೊತ್ತಿಗೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬ್ರೇಕು ಸದ್ದು ಮಾಡುವುದು ಹೊಸತೇನಲ್ಲ. ಡಿಸ್ಕು ಬೀಡು ಕಬ್ಬಿಣದ್ದು, ಪ್ಯಾಡು ಉಜ್ಜುವ ಜಾಗಕ್ಕೆ ಬಣ್ಣ ಬಳಿಯುವ ಹಾಗಿಲ್ಲ. ಎರಡು ದಿನ ಗಾಡಿ ತೆಗೆಯದಿದ್ದರೆ ಅದರ ಮೇಲೆ ಕೇಸರಿ ತುಕ್ಕು ಕೂರುತ್ತದೆ. ಗೇಟು ದಾಟಿ ನಾಲ್ಕು ಸಲ ಬ್ರೇಕ್ ಒತ್ತಿದರೆ ಪ್ಯಾಡು ಅದನ್ನು ಕೆರೆದು ಹಾಕುತ್ತದೆ, ಸದ್ದೂ ಹೋಗುತ್ತದೆ. ಈ ಸದ್ದು ಹೋಗಲಿಲ್ಲ. ಮೇಗರವಳ್ಳಿಯಿಂದ ತೀರ್ಥಹಳ್ಳಿ ಪೇಟೆ ತನಕ ಜೊತೆಗೇ ಬಂತು.

"ಎಂತದೇ ಅದು, ಕಾರಿನೊಳಗೆ ಜೀರುಂಡೆ ಹೊಕ್ಕಿದೆಯಾ?" ಅಂದರು ಅತ್ತೆ.

ಬ್ರೇಕ್ ಪ್ಯಾಡಿನ ಬೆನ್ನಿಗೆ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡು ಸವೆದು ಕೊನೆಗೆ ಬಂದಾಗ ಆ ತಗಡು ಡಿಸ್ಕಿಗೆ ತಾಗಿ ಕಿರುಗುಟ್ಟುತ್ತದೆ. ಕೆಟ್ಟು ಬರುವ ಸದ್ದಲ್ಲ, ಬೇಕಂತಲೇ ಇಟ್ಟದ್ದು. ಸವೆದಿದ್ದೇನೆ, ಬದಲಾಯಿಸಿ ಅಂತ ಹೇಳುವುದು ಅದರ ಕೆಲಸ. ಆದರೆ ಹೋದ ವರ್ಷವಷ್ಟೇ ಪ್ಯಾಡು ಹಾಕಿಸಿದ್ದೆವು. ಪ್ಯಾಡಿನ ದುಡ್ಡು, ಲೇಬರ್ ಚಾರ್ಜು ಎಲ್ಲ ಬಿಲ್ಲಿನಲ್ಲಿದೆ. ವರ್ಷ ಪೂರ್ತಿ ನಾವು ಓಡಿಸಿದ್ದು ಪೇಟೆಗೆ, ಮಗಳ ಕಾಲೇಜಿಗೆ, ಆಗಾಗ ಅತ್ತೆಯ ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ, ಅಷ್ಟೇ. ಅಷ್ಟಕ್ಕೆ ಪ್ಯಾಡು ಮುಗಿಯುತ್ತದಾ?

ಅಣ್ಣನಿಗೆ ಫೋನ್ ಮಾಡಿದೆ. ಅವನು ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಈಗ ಮಂಡಿನೋವು ಅಂತ ಬಿಟ್ಟಿದ್ದಾನೆ.

"ಕಾರು ಎಡಕ್ಕೆ ಎಳೀತದಾ?"

"ಸ್ವಲ್ಪ ಎಳೀತದೆ. ರಸ್ತೆ ಓರೆ ಇದೆಯೇನೋ ಅಂದುಕೊಂಡೆ."

"ರಸ್ತೆ ಅಲ್ಲ ಮಾರಾಯ್ತಿ. ಪಿನ್ನು ಕಚ್ಚಿದೆ. ಚಕ್ರ ಬಿಚ್ಚಿ ನೋಡು, ನಾನು ಫೋನಲ್ಲೇ ಇರ್ತೀನಿ."

ನನಗೆ ಬೋಲ್ಟು ಬಿಚ್ಚುವುದು ಹೊಸತಲ್ಲ. ತೋಟದ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮೆಷಿನ್ನು, ಕಳೆ ಕೊಚ್ಚುವ ಮೆಷಿನ್ನು, ಎಲ್ಲವೂ ರಿಪೇರಿಗೆ ಬರುವುದು ನನ್ನ ಕೈಗೇ. ಯಜಮಾನರಿಗೆ ಅಡಿಕೆ ಮರ, ಕಾಳುಮೆಣಸು ಗೊತ್ತು, ನಟ್ಟು ಬೋಲ್ಟು ಅಂದರೆ ದೂರ. ಹೆಂಗಸು ಕಾರಿನಡಿ ಕೂತಿದ್ದು ಕಂಡು ರಸ್ತೆಯಲ್ಲಿ ಹೋಗುವವರು ಎರಡು ಸಲ ತಿರುಗಿ ನೋಡುತ್ತಾರೆ. ನೋಡಲಿ.

ಬ್ರೇಕಿನ ಕೆಲಸ ಅಂದರೆ ಎಲ್ಲಿ ಮಾಡುವುದು ಅನ್ನುವುದೇ ಮೊದಲ ಪ್ರಶ್ನೆ. ಕೊಯ್ಲು ಶುರುವಾಗುವುದರಲ್ಲಿತ್ತು. ಅಂಗಳದಲ್ಲಿ ಅಡಿಕೆ ಹರವಬೇಕು, ಅಲ್ಲಿ ಬ್ರೇಕ್ ಆಯಿಲ್ಲು ಒಂದು ಹನಿ ಬಿದ್ದರೂ ಮನೆಯಲ್ಲಿ ಮಹಾಯುದ್ಧ. ಹಾಗಾಗಿ ಕೊಟ್ಟಿಗೆ ಪಕ್ಕದ ಶೆಡ್ಡು. ನೆಲ ಸಿಮೆಂಟಿನದು, ಸಮ ಇದೆ. ಮಣ್ಣಿನ ನೆಲದಲ್ಲಿ, ಅದೂ ಮಳೆ ಕುಡಿದ ನೆಲದಲ್ಲಿ ಜಾಕ್ ಇಡುವ ಯೋಚನೆಯೇ ಬೇಡ. ಭಾರ ಬಿದ್ದ ಕೂಡಲೇ ಒಂದು ಮಗ್ಗುಲಿಗೆ ಹೂತು ಹೋಗುತ್ತದೆ. ಸಿಮೆಂಟಿನ ಮೇಲೂ ನಾನು ದಪ್ಪ ಹಲಗೆ ಇಟ್ಟೇ ಜಾಕ್ ಇಡುವುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಎಲ್ಲದಕ್ಕೂ ಜಂಬಿಟ್ಟಿಗೆ ಕಲ್ಲು. ಗೋಡೆಗೂ ಅದೇ, ಒಲೆಗೂ ಅದೇ, ಕಾರು ಎತ್ತಿದಾಗ ಅಡಿಗೆ ಕೊಡುವುದಕ್ಕೂ ಅದೇ. ಗೋಡೆಯಲ್ಲಿ ಅದು ನೂರು ವರ್ಷ ನಿಲ್ಲಬಹುದು. ಅಲ್ಲಿ ಭಾರ ಇಡೀ ಕಲ್ಲಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಕಾರಿನ ಚಾಸಿಯ ಒಂದು ಅಂಚು ಅದರ ಮೇಲೆ ಕೂತರೆ ಆ ತೂತು ತೂತು ಕಲ್ಲು ಯಾವ ಸೂಚನೆಯೂ ಕೊಡದೆ ಎರಡು ಹೋಳಾಗುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಎಲ್ಲದರದ್ದೂ ಇದೇ ಕತೆ. ಕಬ್ಬಿಣದ ಸ್ಟ್ಯಾಂಡು ತರಿಸಿಕೊಳ್ಳಿ, ಒಂದು ಜೋಡಿಗೆ ಅಷ್ಟೇನೂ ಆಗುವುದಿಲ್ಲ. ಅದರ ಮೇಲೆ, ಬಿಚ್ಚಿದ ಚಕ್ರವನ್ನೂ ಕಾರಿನ ಅಡಿಗೆ ಮಲಗಿಸಿ ತಳ್ಳಿಡಿ. ಜಾಕು ಜಾರಿ, ಸ್ಟ್ಯಾಂಡೂ ಕೈಕೊಟ್ಟರೆ ಕಾರು ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಚಕ್ರದ ನಟ್ಟು ಸಡಿಲ ಮಾಡುವುದು ಕಾರು ನೆಲದಲ್ಲಿರುವಾಗಲೇ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆ. ಪಕ್ಕದ ಮನೆಯ ಹುಡುಗ ಸಹಾಯಕ್ಕೆ ಬಂದಿದ್ದ. ಅವನಿಗೆ ಹುಮ್ಮಸ್ಸು ಜಾಸ್ತಿ, ಪಾನಾದ ಮೇಲೆ ನಿಂತು ಕುಣಿಯಲು ಹೊರಟ. "ಅಕ್ಕ, ಬರ್ತಾ ಇಲ್ಲ ಇದು!" ಹಿಂದಿನ ಸಲ ಬಿಗಿ ಮಾಡಿದವರು ಗಾಳಿ ಮೆಷಿನ್ನಲ್ಲಿ ಮಾಡಿರಬೇಕು. ಪಾನಾಕ್ಕೆ ಒಂದು ಜಿಐ ಪೈಪು ತೂರಿಸಿ ಎಳೆದಾಗ ಟಕ್ ಅಂತ ಬಿಟ್ಟುಕೊಟ್ಟಿತು.

ಒಳಗೆ ಏನಿದೆ ಅಂತ ಗೊತ್ತಿಲ್ಲದವರಿಗೆ ಒಂದು ಸಲ ಹೇಳುತ್ತೇನೆ, ಯಾಕೆಂದರೆ ಮುಂದಿನ ಕತೆಯೆಲ್ಲ ನಿಂತಿರುವುದು ಇದರ ಮೇಲೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕು. ಅದರ ಒಳಮಗ್ಗುಲಿಗೆ ಒಂದು ಪ್ಯಾಡು, ಹೊರಮಗ್ಗುಲಿಗೆ ಒಂದು ಪ್ಯಾಡು. ಎರಡನ್ನೂ ಅಪ್ಪಿಕೊಂಡು ಕೂತಿರುವುದು ಕ್ಯಾಲಿಪರ್. ನಮ್ಮ ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ನು ಇರುವುದು ಒಂದೇ, ಅದೂ ಒಳಮಗ್ಗುಲಲ್ಲಿ. ಬ್ರೇಕ್ ಒತ್ತಿದಾಗ ಪಿಸ್ಟನ್ನು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಹಾಗಾದರೆ ಹೊರಗಿನ ಪ್ಯಾಡನ್ನು ಒತ್ತುವವರು ಯಾರು? ಇಡೀ ಕ್ಯಾಲಿಪರೇ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಂಡು ಬರುತ್ತದೆ. ಅದು ಜಾರುವುದು ಎರಡು ಪಿನ್ನುಗಳ ಮೇಲೆ. ಕಿರುಬೆರಳು ದಪ್ಪದ, ಗ್ರೀಸು ಹಚ್ಚಿದ, ರಬ್ಬರ್ ಬೂಟು ತೊಟ್ಟ ಎರಡು ಪಿನ್ನು.

ಈ ಪಿನ್ನು ಜಾರದಿದ್ದರೆ ಹೊರಗಿನ ಪ್ಯಾಡು ಸುಮ್ನೆ ಕೂತಿರುತ್ತದೆ, ಕೆಲಸವೆಲ್ಲ ಒಳಗಿನದಕ್ಕೆ. ಕಾಲು ತೆಗೆದ ಮೇಲೂ ಕ್ಯಾಲಿಪರ್ ಪೂರ್ತಿ ಸಡಿಲವಾಗುವುದಿಲ್ಲ. ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಪೆಟ್ರೋಲು ದಂಡ, ಡಿಸ್ಕು ಬಿಸಿ, ಪ್ಯಾಡು ಸವೆತ.

ನಮ್ಮದರಲ್ಲಿ ಆಗಿದ್ದು ಅದೇ. ಕ್ಯಾಲಿಪರಿನ ಬೋಲ್ಟು ಬಿಚ್ಚಿ ಪ್ಯಾಡು ತೆಗೆದಾಗ ಒಳಗಿನದು ಬೆನ್ನಿನ ತಗಡಿಗೆ ಅಂಟಿದ ಒಂದು ತೆಳು ಪದರ ಅಷ್ಟೇ. ಹೊರಗಿನದರಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಎರಡೂ ಒಂದೇ ದಿನ ಹಾಕಿದ್ದು! ಬಲಗಡೆ ಬಿಚ್ಚಿದರೆ ಎರಡೂ ಪ್ಯಾಡು ಸಮ, ಇನ್ನೂ ಒಂದು ಮಳೆಗಾಲ ಬರುವಷ್ಟಿತ್ತು.

ಎಡಗಡೆಯ ಕೆಳಗಿನ ಪಿನ್ನು ಕೈಯಲ್ಲಿ ಎಳೆದರೆ ಬಂತು. ಮೇಲಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅದರ ರಬ್ಬರ್ ಬೂಟು ಹರಿದಿತ್ತು. ಸ್ಪ್ಯಾನರ್ ಹಾಕಿ ಆಚೆ ಈಚೆ ತಿರುಗಿಸಿ ತಿರುಗಿಸಿ ಹೊರಗೆ ತಂದಾಗ ಪಿನ್ನಿನ ಮೇಲೆ ಗ್ರೀಸಿನ ಹೆಸರೇ ಇಲ್ಲ. ಕೆಂಪು ಮಣ್ಣು ಮತ್ತು ತುಕ್ಕು ಸೇರಿ ಗಟ್ಟಿಯಾದ ಒಂದು ಕರಿ ಅಂಟು. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. "ಇದನ್ನ ಯಾರೂ ಹೊರಗೆ ತೆಗೆದೇ ಇಲ್ಲ, ಸುಮ್ನೆ ಪ್ಯಾಡ್ ತೂರಿಸಿ ಕಳಿಸಿದಾರೆ" ಅಂದ. ಆ ವರ್ಕ್‌ಶಾಪಿನ ಹೆಸರು ಇಲ್ಲಿ ಬೇಡ. ಬಹಳ ಕಡೆ ಹೀಗೇ ಮಾಡುತ್ತಾರೆ ಅನ್ನುವುದು ನನ್ನ ಅನುಮಾನ. ಪ್ಯಾಡು ಬದಲಾಯಿಸಲು ಪಿನ್ನು ತೆಗೆಯಲೇಬೇಕು ಅಂತಿಲ್ಲವಲ್ಲ. ಒಂದು ಬೋಲ್ಟು ಬಿಚ್ಚಿ, ಕ್ಯಾಲಿಪರನ್ನು ಮೇಲಕ್ಕೆತ್ತಿ, ಹಳೇದು ತೆಗೆದು ಹೊಸದು ಇಟ್ಟರೆ ಬಿಲ್ಲು ರೆಡಿ.

ಎಡಗಡೆಯೇ ಯಾಕೆ ಕೆಟ್ಟಿತು? ಇದಕ್ಕೆ ನನ್ನದೇ ಒಂದು ಲೆಕ್ಕ ಇದೆ. ನಮ್ಮ ಊರಿನ ಒಳರಸ್ತೆಗಳಲ್ಲಿ ಡಾಂಬರು ಒಂದು ಗಾಡಿ ಹೋಗುವಷ್ಟೇ ಅಗಲ. ಎದುರಿಂದ ಬಸ್ಸೋ ಅಡಿಕೆ ತುಂಬಿದ ಪಿಕಪ್ಪೋ ಬಂದರೆ ಎಡಗಡೆ ಚಕ್ರ ರಸ್ತೆ ಬಿಟ್ಟು ಕೆಸರಿಗಿಳಿಯಬೇಕು. ಜೂನ್‌ನಿಂದ ಅಕ್ಟೋಬರ್ ತನಕ ದಿನಾ ಇದೇ. ಬಲಗಡೆಯ ಚಕ್ರ ಡಾಂಬರಿನ ಮೇಲೇ ಇರುತ್ತದೆ, ಎಡಗಡೆಯದು ಕೆಸರಿನಲ್ಲಿ ಮುಳುಗಿ ಏಳುತ್ತದೆ. ಮೈದಾನದ ಊರಿನವರು ಪ್ಯಾಡಿಗೆ ಕಿಲೋಮೀಟರ್ ಲೆಕ್ಕ ಹೇಳುತ್ತಾರೆ. ಇಲ್ಲಿ ಮಳೆಗಾಲದ ಲೆಕ್ಕ ಇಟ್ಟರೆ ಸಾಕು. ಮಳೆ ಬಿಟ್ಟ ಮೇಲೆ ಪಿನ್ನು ನಾಲ್ಕನ್ನೂ ಹೊರಗೆ ತೆಗೆದು ಒರೆಸಿ ಗ್ರೀಸು ಹಚ್ಚಬೇಕು. ಪ್ಯಾಡು ಹೊಸದೋ ಹಳೇದೋ, ಅದು ಆಮೇಲಿನ ಮಾತು.

ಡಿಸ್ಕು ಬದಲಾಯಿಸಬೇಕಾ ಅನ್ನುವುದರ ಮೇಲೆ ಮನೆಯಲ್ಲಿ ಚರ್ಚೆ ನಡೆಯಿತು. ಯಜಮಾನರ ಪಕ್ಷ: ಲೇತಿಗೆ ಕೊಟ್ಟು ಒಂದು ಸಲ ನುಣುಪು ಮಾಡಿಸಿದರೆ ಸಾಲದಾ? ಡಿಸ್ಕಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿದ್ದವು, ಅಂಚಿನಲ್ಲಿ ಎತ್ತರದ ಒಂದು ಏಣು ಎದ್ದಿತ್ತು. ಎಷ್ಟು ಸವೆಯುವವರೆಗೆ ಬಳಸಬಹುದು ಅನ್ನುವುದು ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಮಿನಿಮಮ್ ಥಿಕ್‌ನೆಸ್ ಅಂತ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದು ಮಿಲಿಮೀಟರ್ ಕೊಟ್ಟಿರುತ್ತಾರೆ. ತುಕ್ಕು ಉಜ್ಜಿದರೆ ಕಾಣುತ್ತದೆ. ಅಳೆಯುವಾಗ, ದಪ್ಪ ನೋಡುವ ವರ್ನಿಯರ್ ಸ್ಕೇಲಿನ ಬಾಯಿ ಆ ಅಂಚಿನ ಏಣಿನ ಮೇಲೆ ಕೂತರೆ ಲೆಕ್ಕ ಸುಳ್ಳಾಗುತ್ತದೆ. ಅದಕ್ಕೆ ಅಣ್ಣ ಹೇಳಿಕೊಟ್ಟ ಉಪಾಯ: ಒಂದೇ ಥರದ ಎರಡು ನಾಣ್ಯ ತಗೊಂಡು ಡಿಸ್ಕಿನ ಎರಡೂ ಮಗ್ಗುಲಿಗೆ ಹಿಡಿದು, ನಾಣ್ಯದ ಸಮೇತ ಅಳೆದು, ಆಮೇಲೆ ನಾಣ್ಯದ ದಪ್ಪ ಕಳೆಯುವುದು. ಎಡಗಡೆಯ ಡಿಸ್ಕು ಗಡಿಗೆ ಬಂದು ನಿಂತಿತ್ತು. ಲೇತಿಗೆ ಕೊಟ್ಟರೆ ಇನ್ನೂ ತೆಳು. ಅದೂ ಅಲ್ಲದೆ ಡಿಸ್ಕು ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಹಾಕಿದರೆ ಬ್ರೇಕು ಸಮ ಹಿಡಿಯುವುದಿಲ್ಲ. ಜೋಡಿಯಾಗಿಯೇ ಹಾಕಬೇಕು, ಪ್ಯಾಡೂ ಅಷ್ಟೇ.

ತೆಳು ಆದರೆ ಏನಾಯ್ತು ಅಂತ ಕೇಳಿದರು. ಉತ್ತರ ಕೊಟ್ಟಿದ್ದು ಪಿಯುಸಿ ಓದುವ ಮಗಳು. ನಾವು ನಾಲ್ಕು ಜನ ಕೂತರೆ ಕಾರಿನ ತೂಕ ಸುಮಾರು 1200 ಕೆಜಿ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ ಐನೂರು ಮೀಟರ್ ಕೆಳಗೆ ಹೋಗುತ್ತೇವೆ ಅಂತ ಇಟ್ಟುಕೊಳ್ಳಿ. ತೂಕ, ಎತ್ತರ, 9.8 ಗುಣಿಸಿದರೆ 58 ಲಕ್ಷ ಜೂಲ್ ದಾಟುತ್ತದೆ. ಬರೀ ಬ್ರೇಕಿನಲ್ಲೇ ಇಳಿದರೆ ಅದರಲ್ಲಿ ಬಹುಪಾಲು ಬಿಸಿಯಾಗಿ ಡಿಸ್ಕಿಗೆ, ಹಿಂದಿನ ಡ್ರಮ್ಮಿಗೆ ಹೋಗಬೇಕು. "ಅಪ್ಪ, ಹದಿನೆಂಟು ಲೀಟರ್ ತಣ್ಣೀರು ಕುದಿಸುವಷ್ಟು ಬಿಸಿ ಅದು. ಅದರಲ್ಲಿ ಜಾಸ್ತಿ ಪಾಲು ಮುಂದಿನ ಎರಡು ತಟ್ಟೆಗೆ." ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಾಗಾಗಿ ಮುಂದಿನ ಬ್ರೇಕಿಗೇ ಹೆಚ್ಚು ಕೆಲಸ. ಡಿಸ್ಕು ದಪ್ಪ ಇದ್ದಷ್ಟೂ ಆ ಬಿಸಿಯನ್ನು ತಡೆದುಕೊಳ್ಳುತ್ತದೆ. ಬಚ್ಚಲ ಹಂಡೆ ನೋಡಿಕೊಂಡು ಬಂದ ಯಜಮಾನರು, ಹೊಸ ಡಿಸ್ಕೇ ತರೋಣ ಅಂದರು.

ಸಾಮಾನು ಶಿವಮೊಗ್ಗದಿಂದ ಬಂತು. ಅಣ್ಣನೇ ಅಂಗಡಿಗೆ ಹೋಗಿ, ಚಾಸಿ ನಂಬರ್ ಹೇಳಿ, ಡಿಸ್ಕು ಜೋಡಿ, ಪ್ಯಾಡ್ ಸೆಟ್ಟು, ಪಿನ್ ಬೂಟಿನ ಕಿಟ್ಟು, ಬ್ರೇಕ್ ಕ್ಲೀನರ್, ಸಿಲಿಕಾನ್ ಗ್ರೀಸಿನ ಸಣ್ಣ ಟ್ಯೂಬು ತೆಗೆದು ಬಸ್ಸಿಗೆ ಹಾಕಿದ. ಬೂಟಿನ ಕಿಟ್ಟು ಇಡೀ ಬಿಲ್ಲಿನಲ್ಲಿ ಅತಿ ಅಗ್ಗದ ಸಾಮಾನು. ಕಾರು ಕೆಡಿಸಿದ್ದೂ ಅದೇ.

ಹಳೆ ಡಿಸ್ಕು ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ. ಸುತ್ತಿಗೆ ಹಿಡಿದು ಬಡಿಯುವುದು ಎಲ್ಲರೂ ಮಾಡುವ ಕೆಲಸ, ಹಬ್ಬಿನ ಬೇರಿಂಗಿಗೆ ಅದು ಒಳ್ಳೆಯದಲ್ಲ. ಮಾರುತಿ ಡಿಸ್ಕಿನಲ್ಲಿ ಮರೆಯುವ ಹಾಗಿಲ್ಲದ ಒಂದು ಸವಲತ್ತು ಇದೆ. ಡಿಸ್ಕಿನ ಮುಖದಲ್ಲಿ ಬೋಲ್ಟು ತಿರುಗಿಸಲು ಮರೆ (ಥ್ರೆಡ್ಡು) ಕೊರೆದ ಎರಡು ಖಾಲಿ ತೂತು ಇರುತ್ತವೆ. ಅದಕ್ಕೆ 8 ಎಂಎಂ ದಪ್ಪದ ಎರಡು ಬೋಲ್ಟು ಹಾಕಿ, ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಅಂತ ಬಿಗಿ ಮಾಡುತ್ತಾ ಹೋದರೆ ಬೋಲ್ಟಿನ ತುದಿ ಹಬ್ಬಿಗೆ ಒತ್ತಿ ಡಿಸ್ಕು ತಾನಾಗಿ ಹೊರಗೆ ಬರುತ್ತದೆ. ಅದಕ್ಕೂ ಮೊದಲು ಕ್ಯಾಲಿಪರ್ ಕೂರುವ ಬ್ರಾಕೆಟ್ಟನ್ನು ಹಿಂದಿನಿಂದ ಬಿಚ್ಚಬೇಕು. ಆ ಎರಡು ಬೋಲ್ಟು ಮಾತ್ರ ತುಂಬಾ ಗಟ್ಟಿ. ಮತ್ತೆ ಅದೇ ಜಿಐ ಪೈಪು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿಟ್ಟರೆ ಕೈ ಹಾಕಲು ಜಾಗ ಸಿಗುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕಿನ ಪೈಪಿನಲ್ಲಿ ನೇತಾಡಲು ಬಿಡಬಾರದು, ರಬ್ಬರ್ ಒಳಗೊಳಗೇ ಸೀಳುತ್ತದೆ. ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ ಇಟ್ಟೆ.

ಇನ್ನು ತಾಳ್ಮೆಯ ಕೆಲಸ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ, ಆಮೇಲೆ ಎಮರಿ ಪೇಪರಿನಲ್ಲಿ ಉಜ್ಜಬೇಕು. ಬೇಜಾರು ಹಿಡಿಯುವ ತನಕ ಉಜ್ಜಿ, ಆಮೇಲೂ ಸ್ವಲ್ಪ ಉಜ್ಜಬೇಕು. ಹಬ್ಬಿನ ಮೇಲೆ ತುಕ್ಕಿನ ಒಂದು ಸಣ್ಣ ಹಕ್ಕಳೆ ಉಳಿದರೂ ಹೊಸ ಡಿಸ್ಕು ಕೂದಲೆಳೆಯಷ್ಟು ಓರೆ ಕೂರುತ್ತದೆ. ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಓರೆ ತಿರುಗುವ ಡಿಸ್ಕು ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ತಾಗಿ ಅಲ್ಲಿ ತೆಳುವಾಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಬ್ರೇಕ್ ಒತ್ತಿದರೆ ಪೆಡಲು ಗಡಗಡ, ಸ್ಟೇರಿಂಗು ನಡುಕ. ಆಗ ಎಲ್ಲರೂ "ಡಿಸ್ಕು ಬೆಂಡಾಗಿದೆ" ಅನ್ನುತ್ತಾರೆ. ಎಷ್ಟೋ ಸಲ ಅದು ಬೆಂಡಾಗಿರುವುದಿಲ್ಲ, ಕೂರಿಸಿದ ದಿನವೇ ಸರಿ ಕೂತಿರುವುದಿಲ್ಲ.

ಆ ಧೂಳನ್ನು ಬಾಯಲ್ಲಿ ಊದಬೇಡಿ, ಕಂಪ್ರೆಸರ್ ಗಾಳಿಯೂ ಬೇಡ. ಪ್ಯಾಡಿನ ಪುಡಿ ಶ್ವಾಸಕ್ಕೆ ಹೋಗುವಂಥದ್ದಲ್ಲ. ಮಾಸ್ಕ್ ಹಾಕಿಕೊಂಡು ಕ್ಲೀನರ್ ಹೊಡೆದು ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದು ಕಳಿಸಿರುತ್ತಾರೆ, ಅದನ್ನೂ ಕ್ಲೀನರಿನಲ್ಲಿ ಪೂರ್ತಿ ತೆಗೆಯಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪಕ್ಕದ ಮನೆ ಹುಡುಗ ಹಲಸಿನ ಚಿಪ್ಸ್ ತಿನ್ನುತ್ತಾ ಬಂದವನನ್ನು ಕೈ ತೊಳೆಯಲು ಅಟ್ಟಿದೆ.

ಪಿನ್ನುಗಳ ಹಳೆ ಅಂಟು ತೆಗೆದು, ನುಣುಪಾದ ಎಮರಿಯಲ್ಲಿ ಹಗುರಾಗಿ ಉಜ್ಜಿದೆ. ಗುಳಿ ಬಿದ್ದಿದ್ದರೆ ಪಿನ್ನೇ ಹೊಸದು ಹಾಕಬೇಕಿತ್ತು, ಪುಣ್ಯಕ್ಕೆ ಬಿದ್ದಿರಲಿಲ್ಲ. ಪಿನ್ನು ಕೂರುವ ತೂತನ್ನೂ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಬೇಕು. ಕೆಲವು ಗಾಡಿಯಲ್ಲಿ ಮೇಲಿನ ಪಿನ್ನು, ಕೆಳಗಿನ ಪಿನ್ನು ಬೇರೆ ಬೇರೆ ಇರುತ್ತವೆ, ಅದಲು ಬದಲಾಗಬಾರದು. ಇಲ್ಲಿ ತೋಟದ ಮೆಷಿನ್ನಿಗೆ ಹಾಕುವ ಗ್ರೀಸು ಹಾಕುವ ಆಸೆ ಬೇಡ. ಪೆಟ್ರೋಲಿಯಂ ಗ್ರೀಸಿಗೆ ಈ ರಬ್ಬರು ಉಬ್ಬುತ್ತದೆ. ಉಬ್ಬಿದ ರಬ್ಬರು ಪಿನ್ನನ್ನು ಮತ್ತೆ ಕಚ್ಚುತ್ತದೆ. ಸಿಲಿಕಾನ್ ಗ್ರೀಸೇ ಆಗಬೇಕು, ಅದೂ ತೆಳುವಾಗಿ. ಹೊಸ ಬೂಟು ಹಾಕಿ ಪಿನ್ನು ತೂರಿಸಿ ಎರಡು ಬೆರಳಲ್ಲಿ ತಳ್ಳಿದೆ. ಒಳಗೆ ಹೋಗಿ, ಒಳಗಿನ ಗಾಳಿ ಅದನ್ನು ಸ್ವಲ್ಪ ವಾಪಸ್ ತಳ್ಳಿತು. ಹಾಗಿರಬೇಕು ಅದು. ಅಣ್ಣನಿಗೆ ವಿಡಿಯೋ ಕಳಿಸಿದೆ, ಒಂದು ಹೆಬ್ಬೆಟ್ಟು ಬಂತು. ಅವನಿಂದ ಅಷ್ಟು ಬಂದರೆ ದೊಡ್ಡದು.

ಹೊಸ ಪ್ಯಾಡು ದಪ್ಪ ಇರುವುದರಿಂದ ಹೊರಗೆ ಬಂದಿರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಮರಗೆಲಸದವರ ಹತ್ತಿರ ಇರುವ ಸಿ ಕ್ಲಾಂಪು ಸಾಕು. ಪಿಸ್ಟನ್ನಿಗೆ ಹಳೆ ಪ್ಯಾಡು ಅಡ್ಡ ಇಟ್ಟು ನಿಧಾನಕ್ಕೆ ತಿರುಗಿಸಿದರೆ ಸರಿ. ಹಾಗೆ ತಳ್ಳಿದಾಗ ಬ್ರೇಕ್ ಆಯಿಲ್ಲು ಬಾನೆಟ್ಟಿನ ಕೆಳಗಿನ ಡಬ್ಬಿಗೆ ವಾಪಸ್ ಹೋಗುತ್ತದೆ. ಮಧ್ಯೆ ಯಾರಾದರೂ ಆಯಿಲ್ ತುಂಬಿಸಿದ್ದರೆ ಉಕ್ಕಿ ಸುರಿಯುತ್ತದೆ. ಮೊದಲೇ ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ಸ್ವಲ್ಪ ಎಳೆದು ಬಾಟಲಿಗೆ ಹಾಕಿದ್ದೆ. ಆ ಆಯಿಲ್ಲು ಕಾರಿನ ಬಣ್ಣ ಎಬ್ಬಿಸುತ್ತದೆ, ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಬೇಕು. ವಿಷ ಕೂಡ ಹೌದು. ಕೊಟ್ಟಿಗೆ ಪಕ್ಕ, ಕರು ಎಲ್ಲದಕ್ಕೂ ನಾಲಿಗೆ ಹಾಕುತ್ತದೆ, ಹಾಗಾಗಿ ಬಾಟಲಿಗೆ ಮುಚ್ಚಳ ಬಿಗಿದು ಮೇಲೆ ಅಟ್ಟದಲ್ಲಿಟ್ಟೆ.

ಆಯಿಲ್ಲಿನ ಬಣ್ಣ ಟೀ ಡಿಕಾಕ್ಷನ್ನಿನಷ್ಟು ಕಪ್ಪಾಗಿತ್ತು. ಬ್ರೇಕ್ ಆಯಿಲ್ಲು ಗಾಳಿಯಲ್ಲಿರುವ ನೀರಿನ ಅಂಶವನ್ನು ಹೀರುತ್ತದೆ. ನಮ್ಮ ಹವಾಮಾನದಲ್ಲಿ ಹೀರಲು ನೀರಿಗೇನು ಬರ! ಡಾಟ್ 4 ಅನ್ನುವ ಆಯಿಲ್ಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಘಾಟಿಯಲ್ಲಿ ಕ್ಯಾಲಿಪರ್ ಕಾದು ಆಯಿಲ್ಲು ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲು ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅನ್ನುವುದು ಇದಕ್ಕೇ. ನಾವು ಮಾರನೇ ವಾರ ಅದನ್ನೂ ಮಾಡಿದೆವು, ಮಗಳು ಪೆಡಲು ಒತ್ತಲು, ನಾನು ಕೆಳಗೆ ಹಳೆ ಆಯಿಲ್ಲು ಹೊರಗೆ ಹೋಗುವ ನಿಪ್ಪಲು ಬಿಡಲು. ಪ್ಯಾಡು, ಡಿಸ್ಕು ಬದಲಾಯಿಸಲು ಆ ಕೆಲಸ ಬೇಕಾಗಿಲ್ಲ, ಆಯಿಲ್ ಪೈಪನ್ನು ಎಲ್ಲೂ ಬಿಚ್ಚಿರುವುದಿಲ್ಲವಲ್ಲ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಚಕ್ರದ ನಟ್ಟುಗಳನ್ನು ಎದುರು ಬದುರಾಗಿ, ಮೊದಲು ಕೈಯಲ್ಲಿ, ಆಮೇಲೆ ಪಾನಾದಲ್ಲಿ, ಕಾರು ನೆಲಕ್ಕಿಳಿದ ಮೇಲೆ ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ಮ್ಯಾನುವಲ್ಲು ಹೇಳಿದಷ್ಟು. ಕ್ಯಾಲಿಪರ್, ಬ್ರಾಕೆಟ್ಟಿನ ಬೋಲ್ಟಿಗೂ ಅಳತೆ ಇರುತ್ತದೆ, ಅಂದಾಜಿಗೆ ಬಿಡಬೇಡಿ.

ಸ್ಟಾರ್ಟ್ ಮಾಡಿ ಗೇರು ಹಾಕುವ ಮೊದಲು ಪೆಡಲನ್ನು ನಾಲ್ಕೈದು ಸಲ ಒತ್ತಲೇಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ನು ಇನ್ನೂ ಪ್ಯಾಡಿಗೆ ತಾಗಿರುವುದಿಲ್ಲ, ಹಾಗಾಗಿ ಮೊದಲ ಸಲ ಪೆಡಲು ನೆಲಕ್ಕೇ ಹೋಗುತ್ತದೆ. ನಮ್ಮ ಶೆಡ್ಡಿನ ಮುಂದೆ ತೋಟಕ್ಕೆ ಇಳಿಜಾರು. ಒತ್ತದೆ ಹೊರಟಿದ್ದರೆ ನೇರ ಅಡಿಕೆ ಬುಡಕ್ಕೆ.

ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು. ಬೆಳಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ತೀರ್ಥಹಳ್ಳಿ ಕಡೆಗೆ ಹೊರಟೆ. ಹಿಂದೆ ಗಾಡಿ ಇಲ್ಲದ ನೆಟ್ಟಗಿನ ಜಾಗದಲ್ಲಿ ಐವತ್ತರ ವೇಗದಿಂದ ಹದಿನೈದರ ತನಕ ಸಮನಾಗಿ ಬ್ರೇಕ್ ಒತ್ತಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತಗೊಳ್ಳುವುದು, ನಡುವೆ ಗಾಳಿಗೆ ಆರಲು ಬಿಡುವುದು. ಬಿಸಿ ಇರುವಾಗ ಪೆಡಲು ಒತ್ತಿ ಹಿಡಿದು ನಿಂತರೆ ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಅಚ್ಚಾಗುತ್ತದೆ. ಮೊದಮೊದಲು ಬ್ರೇಕು ಸ್ವಲ್ಪ ಮಂದ ಅನ್ನಿಸಿತು, ಪೇಟೆ ಬರುವಷ್ಟರಲ್ಲಿ ಹಿಡಿತ ಸಿಕ್ಕಿತು. ಹೊಸ ಪ್ಯಾಡಿನ ಮೊದಲ ಪರೀಕ್ಷೆಯನ್ನೇ ಘಾಟಿಯಲ್ಲಿ ಇಡಬೇಡಿ.

ಘಾಟಿಗೆ ಹೋದದ್ದು ಅತ್ತೆಯ ಮುಂದಿನ ತಪಾಸಣೆಗೆ. ಆಗುಂಬೆಯ ಸೂರ್ಯಾಸ್ತದ ಜಾಗ ದಾಟಿದ ಕೂಡಲೇ ಎರಡನೇ ಗೇರು, ಕಡಿದಾದ ತಿರುವಿನಲ್ಲಿ ಒಂದನೇದು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ. ನಮ್ಮ ಕಡೆಯ ಕೆಲವರಿಗೆ ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹಾಕಿ ಇಳಿಯುವ ಚಟ. ಈಗಿನ ಇಂಜೆಕ್ಷನ್ ಇಂಜಿನ್ನಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ನು ಓಡುತ್ತಿರಲು ಒಂದಿಷ್ಟು ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಇಂಜಿನ್ನಿನ ಹಿಡಿತವೂ ಇಲ್ಲ. ಇಂಜಿನ್ ಆಫ್ ಮಾಡಿ ಇಳಿಯುವ ಮಹಾಶಯರೂ ಇದ್ದಾರೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲು ಹಗುರ ಮಾಡುವ ಬೂಸ್ಟರಿನ ನಿರ್ವಾತ ಮುಗಿದು ಪೆಡಲು ಕಲ್ಲಾಗುತ್ತದೆ, ಪವರ್ ಸ್ಟೇರಿಂಗೂ ಹೋಗುತ್ತದೆ. ಅವರಿಗೆ ಏನು ಹೇಳುವುದು.

ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ ಇಳಿದು ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದೆ, ಮುಟ್ಟದೆ. ಎಡ ಬಲ ಎರಡೂ ಕಡೆ ಬಿಸಿ ಒಂದೇ ಥರ ಬರುತ್ತಿತ್ತು. ಪಿನ್ನು ಕಚ್ಚಿದೆಯಾ ಇಲ್ಲವಾ ಅಂತ ತಿಳಿಯಲು ಚಕ್ರ ಬಿಚ್ಚುವ ಮೊದಲು ಮಾಡಬಹುದಾದ ಪರೀಕ್ಷೆ ಇದು. ಒಂದು ಕಡೆ ಜಾಸ್ತಿ ಸುಡುತ್ತಿದ್ದರೆ ಆ ಕಡೆ ಬ್ರೇಕು ಬಿಡುತ್ತಿಲ್ಲ ಅಂತ ಅರ್ಥ.

"ಎಂತ ನೋಡ್ತಾ ಇದ್ದೀಯೇ, ಪಂಚರಾ?" ಅಂತ ಅತ್ತೆ ಕಿಟಕಿಯಿಂದ ಕೇಳಿದರು.

"ಇಲ್ಲ ಅತ್ತೆ, ಬಿಸಿ ನೋಡ್ದೆ."

"ನಂಗೆ ಹತ್ತೂವರೆಗೆ ಡಾಕ್ಟ್ರು ಕರೆದಿದ್ದು. ಕಾರು ಹತ್ತು."

ವಾಪಸ್ ಬಂದ ಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ ಚಕ್ರದ ನಟ್ಟು ಇನ್ನೊಮ್ಮೆ ನೋಡಿದೆ, ಯಾವುದೂ ಸಡಿಲ ಆಗಿರಲಿಲ್ಲ. ಹಳೆ ಡಿಸ್ಕು ಎರಡನ್ನೂ ಗುಜರಿಗೆ ಎತ್ತಿಟ್ಟಿದ್ದೆ, ಒಂದು ಕಾಣೆಯಾಗಿದೆ. ಬಚ್ಚಲ ಒಲೆಯ ಹತ್ತಿರ ಯಜಮಾನರು ಅದನ್ನು ಏನೋ ಅಳತೆ ಮಾಡುತ್ತಿದ್ದಾರೆ.